ತಟ್ಟೆಯನ್ನು ನಂಬದ ಬೋಲ್ಟು

ಮೆಕ್ಯಾನಿಕ್ ಮೌಲಾಲಿ ಕಾರಿನ ಎಂಜಿನ್ ಬಿಚ್ಚುತ್ತ, ಬೋಲ್ಟುಗಳನ್ನು ಅಳತೆಗೆ ತಕ್ಕಂತೆ ತಟ್ಟೆಯ ಖಾನೆಗಳಲ್ಲಿ ಇಡುತ್ತಿದ್ದ. ತುಸು ಉದ್ದನೆಯ ಬೋಲ್ಟೊಂದಕ್ಕೆ ಅನುಮಾನ ಹುಟ್ಟಿತು.

“ನನ್ನನ್ನೇಕೆ ಬೇರೆ ಕೂರಿಸಿದ್ದು? ಗುಜರಿಗೆ ಸಾಗಹಾಕುವ ಹುನ್ನಾರವೇ?” ಎಂದು ತಟ್ಟೆಯನ್ನು ಕೇಳಿತು.

“ನೀನು ನಿನ್ನ ಜಾಗಕ್ಕೇ ಮರಳಲೆಂದು,” ಎಂದಿತು ತಟ್ಟೆ.

“ಈ ನಯದ ಮಾತೆಂದರೇ ನನಗೆ ಭಯ,” ಎಂದುಕೊಂಡ ಬೋಲ್ಟು, ಮೌಲಾಲಿ ಅತ್ತ ತಿರುಗಿದಾಗ ಗಿಡ್ಡ ಬೋಲ್ಟುಗಳ ಖಾನೆಗೆ ಉರುಳಿ ಅವುಗಳ ನಡುವೆ ಅಡಗಿತು.

ಎಂಜಿನ್ ಮರಳಿ ಜೋಡಿಸುವಾಗ ಮೌಲಾಲಿ ಅದನ್ನೇ ಎತ್ತಿ ಗಿಡ್ಡ ಬೋಲ್ಟಿನ ತೂತಿಗೆ ಕೂರಿಸಿದ. ಸ್ಪ್ಯಾನರ್ ಬಿಗಿಯತೊಡಗಿತು. ಬೋಲ್ಟಿನ ತುದಿ ತೂತಿನ ತಳಕ್ಕೆ ತಾಗಿತು; ತಲೆ ಇನ್ನೂ ಮೇಲೆಯೇ ಉಳಿದಿತ್ತು.

“ನಿಲ್ಲಿಸಣ್ಣ! ನಾನು ಉದ್ದನೆಯವನು, ಇದು ನನ್ನ ಜಾಗವಲ್ಲ!”

“ಗಿಡ್ಡರ ಖಾನೆಯಲ್ಲಿ ಸಿಕ್ಕವನು ಉದ್ದನೆಯವನು ಹೇಗಾದಾನು? ನಿನ್ನ ಮಾತು ನಂಬುವವರಾರು?” ಎಂದು ಸ್ಪ್ಯಾನರ್ ಇನ್ನೊಂದು ಸುತ್ತು ತಿರುಗಿಸಿತು.

ಬೋಲ್ಟಿನ ಕತ್ತು ಲಟ್ಟನೆ ಮುರಿಯಿತು.