ಅವ್ವನ ಕನ್ನಡಕದಾಗ ಆರಿಸಿದ ಅಕ್ಷರ

ಹೂಂ ಅನ್ನೋರು ಹತ್ರ ಬರ್ರಿ. ನಗೋದಿದ್ರ ಮೆಲ್ಲಕ ನಗ್ರಿ, ಈ ಕತಿಯೊಳಗ ಒಬ್ಬ ತಾಯಿ ಅಳ್ತಾಳ.

ಗುರುಬಾಯಿ ಅಂತ ಒಬ್ಬಾಕಿ ಸಾಲಿಯಾಗ ಲೆಕ್ಕ ಕಲಿಸೋ ಅಕ್ಕೋರು. ಗಂಡ ಸತ್ತಿದ್ದ, ಕಣ್ಣು ಮಂಜಾಗಾಕ ಹತ್ತಿದ್ದವು. ಮಗ ಚನ್ನವೀರ, ಹೇಳಿದ್ದನ್ನ ಹೇಳಿದಂಗ ಮಾಡೋ ಪೆದ್ದ. ಸಾಲಿಯೊಳಗ ಕರಿಹಲಗಿ ತಗದು ಕಂಪ್ಯೂಟರಿನ ಪರದೆ ಹಾಕಿದ್ರು. "ಅದರ ಮ್ಯಾಲಿನ ಸೂತ್ರ ಓದಿ ಕಲಿಸಿದ್ರ ನೌಕರಿ, ಇಲ್ಲಂದ್ರ ಮನಿ" ಅಂದ್ರು ಹೆಡ್‌ಮಾಸ್ತರು. ಕಂಪ್ಯೂಟರ್ ಒತ್ತೋ ಕೆಲಸ ಚನ್ನವೀರಂದು.

"ಅಕ್ಷರ ಎಳಿ ಎಳಿ ಕಾಣ್ತಾವೋ! ದಪ್ಪನ ಫಾಂಟ್ ಆರಿಸು!" ಅಂದ್ಲು ಅವ್ವ.

ಆರಿಸಿದ. ಇದ್ದದ್ರಾಗ ದಪ್ಪಂದು ಆರಿಸಿದ. ಎಂಟರ ಹೊಟ್ಟಿ ಮುಚ್ಚಿತು, ಅದರ ತಲಿ ಮ್ಯಾಲಿನ ವರ್ಗದ ಎರಡರ ಅಂಕಿ ಗೋಲಿಯಂಗಾತು.

"ಏ ಮೂಳ! ಮ್ಯಾಲಿಂದು ಸಣ್ಣದಿರಬೇಕು, ಕೆಳಗಿಂದು ದೊಡ್ಡದಿರಬೇಕು!"

"ಆತು ಯವ್ವಾ!"

ಮರುದಿನ ಭಿನ್ನರಾಶಿ ಬಂತು. ಮ್ಯಾಲಿಂದು ಸಾಸಿವಿ ಮಾಡಿದ, ಕೆಳಗಿಂದು ಕುಂಬಳಕಾಯಿ ಮಾಡಿದ. ಮ್ಯಾಲ ಏನೂ ಇಲ್ಲ ಅಂತ ಹುಡುಗರು ಕೆಳಗಿಂದಷ್ಟ ಬರಕೊಂಡ್ರು.

"ಅಯ್ಯೋ ನನ್ನ ಹಣೇಬರಾ! ಮ್ಯಾಲಿಂದು ಕೆಳಗಿಂದು ಎರಡೂ ಸಮ ಇರಬೇಕೋ!"

"ಆತು ಯವ್ವಾ!"

ಮರುದಿನ ವರ್ಗ ಬಂತು. ಮೂರರ ತಲಿ ಮ್ಯಾಲಿನ ಎರಡನ್ನ ಮೂರರಷ್ಟ ದೊಡ್ಡದು ಮಾಡಿ ಬಾಜೂಕ ಕೂಡಿಸಿದ. ಒಂಬತ್ತು ಅನ್ನೋ ಕಡೆ ಹುಡುಗರೆಲ್ಲ "ಮೂವತ್ತೆರಡು!" ಅಂತ ಒದರಿದ್ರು. ಹೆಡ್‌ಮಾಸ್ತರು ಬಾಗಿಲದಾಗ ನಿಂತಿದ್ರು.

"ಅಕ್ಕೋರ, ನಾಳಿ ಒಂದ ದಿನ ನೋಡ್ತೀನಿ" ಅಂದು ಹೋದ್ರು.

ಅವತ್ತು ಗುರುಬಾಯಿ ಬೈಲಿಲ್ಲ. ಬೈಯಾಕ ಅಕಿಗೆ ತ್ರಾಣ ಇರಲಿಲ್ಲ. ತನ್ನ ದಪ್ಪ ಕನ್ನಡಕ ತಗದು ಮಗನ ಕೈಯಾಗ ಇಟ್ಲು.

"ಇದನ್ನ ಹಾಕ್ಕೊಂಡು ನೋಡೋ ನನ್ನಪ್ಪಾ. ಮಸುಕು ಕಂಡದ್ದನ್ನ ಅಳಿಸಿಬಿಡು. ನಿಚ್ಚಳ ಕಂಡದ್ದಷ್ಟ ಇಡು."

"ಆತು ಯವ್ವಾ!"

ಹಾಕ್ಕೊಂಡ. ಸೂತ್ರ ನೋಡಿದ, ಮಸುಕು. ಅಳಿಸಿದ. ಇನ್ನೊಂದು ನೋಡಿದ, ಅದೂ ಮಸುಕು. ಅದನ್ನೂ ಅಳಿಸಿದ. ಹಿಂಗ ಕಡೀತನಕ ನೋಡಿದ, ಕಡೀತನಕ ಅಳಿಸಿದ.

ಮರುದಿನ ಹೆಡ್‌ಮಾಸ್ತರು ಹಿಂದಿನ ಬೆಂಚಿನ ಮ್ಯಾಲ ಕುಂತ್ರು. ಪರದೆ ಮ್ಯಾಲ ಬೆಳಕು ಹತ್ತಿತು. ಗುರುಬಾಯಿ ನೋಡಿದ್ಲು, ಬರೇ ಬಿಳುಪು. ಕನ್ನಡಕ ಸೆರಗಿಲೆ ಒರಸಿ ನೋಡಿದ್ಲು, ಬರೇ ಬಿಳುಪು. ಗ್ವಾಡಿ ಹಿಡಕೊಂಡ್ಲು.

"ಹೋದೂರಿ ಸರ್, ನನ್ನ ಕಣ್ಣು ಪೂರಾ ಹೋದೂ! ಇನ್ನ ಬ್ಯಾರೆಯವರನ್ನ ನೋಡಿಕೊಳ್ರಿ" ಅಂದು, ಅಳಕೋತ ಗ್ವಾಡಿ ತಡವಿಕೋತ ಬಾಗಿಲ ಕಡೆ ನಡದ್ಲು. ಯಾರೂ ನಗಲಿಲ್ಲ.

ಚನ್ನವೀರ ಓಡಿ ಬಂದು ಅವ್ವನ ಕೈ ಹಿಡಕೊಂಡ. ಮಾರಿ ತುಂಬ ಖುಷಿ.

"ಅಳಬ್ಯಾಡ ಯವ್ವಾ! ನೀ ಹೇಳಿದಂಗ ಮಾಡೀನಿ! ನಿನಗ ಮಸುಕು ಕಾಣೋದು ಇನ್ನ ಒಂದೂ ಇಲ್ಲ!"