ಎರಡು ಮಡಿಕೆಯ ಟಾರ್ಪಾಲು

ನಮ್ಮೂರ ಕಣದಂಥ ಕಣ ಇಡೀ ಹೋಬಳಿಯಲ್ಲಿಲ್ಲ, ಬೇಕಾದರೆ ಬಂದು ನೋಡಿ. ಅಲ್ಲಿ ಎರಡು ರಾಗಿ ರಾಶಿ ಅಕ್ಕಪಕ್ಕ ಇದ್ದವು. ಹೊಲದೊಡೆಯ ಈರೇಗೌಡರ ರಾಶಿಯ ಮೇಲೆ ಸರ್ಕಾರದ ಸಬ್ಸಿಡಿಯಲ್ಲಿ ಬಂದ ಹೊಸ ಟಾರ್ಪಾಲು ಎರಡು ಮಡಿಕೆಯಾಗಿ ಮಲಗಿತ್ತು. ಇನ್ನೊಂದು ರಾಶಿ, ಅವರ ಹೊಲವನ್ನೇ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ಮಾಡುವ ಜವರಮ್ಮನ ವರ್ಷದ ಊಟ. ಅದರ ಮೇಲೆ ಹಳೇ ಕಂಬಳಿ.

ಮೋಡ ಗುಡುಗಿತು.

"ಕಂಬಳಿಯಣ್ಣ, ನಿನ್ನ ಮೈಯೆಲ್ಲ ತೂತು. ನಿಮ್ಮ ಜವರಮ್ಮ ಸಬ್ಸಿಡಿ ಕೇಳಲಿಲ್ಲವೇ?" ಎಂದಿತು ಟಾರ್ಪಾಲು.

"ಕೇಳಿದಳು ತಮ್ಮ. ಪಹಣಿಯಲ್ಲಿ ಹೆಸರಿಲ್ಲ ಅಂದರು."

"ಮತ್ತೆ? ಪಹಣಿ ಇದ್ದವರಿಗೇ ನಾನು. ನಿಯಮ ಅಂದರೆ ನಿಯಮ."

"ಇರಲಿ ಬಿಡು. ಮಳೆಗೆ ಮಾತ್ರ ಆ ನಿಯಮ ಯಾರೂ ಹೇಳಿಲ್ಲ."

ಹನಿ ಬಿದ್ದವು. ತೂತು ಮುಚ್ಚಲೆಂದು ಕಂಬಳಿ ಮೈ ಕುಗ್ಗಿಸಿದರೆ ಅಂಚಿನ ರಾಗಿ ಬಯಲಾಯಿತು. ಅಂಚಿಗೆ ಮೈ ಚಾಚಿದರೆ ತೂತುಗಳು ಬಾಯಿ ಬಿಟ್ಟವು. ಆದರೂ ಅದು ಕುಗ್ಗುತ್ತ, ಚಾಚುತ್ತ ಇತ್ತು.

ಟಾರ್ಪಾಲಿಗೆ ನೋಡಲಾಗಲಿಲ್ಲ. "ಗಾಳಿಯಪ್ಪ, ನನ್ನ ಮೇಲಿನ ಮಡಿಕೆ ಸ್ವಲ್ಪ ಬಿಡಿಸು," ಎಂದಿತು.

ಈರೇಗೌಡರು ಓಡಿ ಬಂದಾಗ ಟಾರ್ಪಾಲು ಎರಡೂ ರಾಶಿಗಳನ್ನು ತಬ್ಬಿಕೊಂಡಿತ್ತು. ಎಳೆದುಕೊಳ್ಳಲೆಂದು ಅಂಚು ಹಿಡಿದರು. ತಮ್ಮ ರಾಶಿಗೆ ಕೈ ಹಾಕಿ ನೋಡಿದರು. ಒಂದು ಕಾಳೂ ನೆನೆದಿರಲಿಲ್ಲ. ಅಷ್ಟರಲ್ಲಿ ಜವರಮ್ಮ ತೊಯ್ದುಕೊಂಡು, ಒಂದು ಗೋಣಿಚೀಲ ಹಿಡಿದು ಓಡಿ ಬಂದು ಟಾರ್ಪಾಲನ್ನೇ ನೋಡುತ್ತ ನಿಂತಳು.

ಗೌಡರು ಅಂಚನ್ನು ಕೆಳಗೆ ಬಿಟ್ಟರು.

"ಏನವ್ವ ನೋಡ್ತಾ ನಿಂತೆ? ನಿನ್ ಕಡೆಗೊಂದು ಕಲ್ಲು ಹೇರು, ಹಾರೋಗ್ತದೆ."