ಗಿಲಕಿ ಮತ್ತು ಪೊಳ್ಳು ಮರದ ಗೆಳತಿ

ಬನ್ನಿ ಮಕ್ಕಳೇ, ಹತ್ತಿರ ಬನ್ನಿ. ಈ ಕತೆ ನಿಮಗೂ ಹೌದು, ನಿಮ್ಮ ಅಪ್ಪ ಅಮ್ಮನಿಗೂ ಹೌದು. ಅವರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಕೆಲಸ ಇದೆ" ಅಂದರೆ ಬಿಡಬೇಡಿ, ಕೈ ಹಿಡಿದು ಎಳೆಯಿರಿ. ಎಲ್ಲರೂ ಮೊಬೈಲನ್ನು ಸ್ವಲ್ಪ ಹೊತ್ತು ಕೆಳಗಿಡಿ. ಇಟ್ಟಿರಾ? ಸರಿ, ಶುರು ಮಾಡೋಣ.

ಒಂದು ಕಲ್ಲುಗುಡ್ಡ. ಅದರ ಬುಡದಲ್ಲಿ ಕುರುಚಲು ಕಾಡು. ಕಾಡಿನ ನಡುವೆ ಆಳವಾದ ಹಳ್ಳ. ಹಳ್ಳದ ಈ ದಡದಲ್ಲಿ, ಬಂಡೆಯ ಕೆಳಗೆ ಬಿಲ ತೋಡಿಕೊಂಡು, ಸೂಜವ್ವ ಎಂಬ ಮುಳ್ಳುಹಂದಿ ತನ್ನ ಮಗಳು ಗಿಲಕಿಯ ಜೊತೆ ವಾಸವಾಗಿದ್ದಳು. ನಡೆದರೆ ಮರಿಯ ಬಾಲದ ತುದಿ ಗಿಲಿಗಿಲಿ ಅನ್ನುತ್ತಿತ್ತು, ಅದಕ್ಕೇ ಆ ಹೆಸರು. ಪಾಪ, ಅವಳ ಮೈಮೇಲಿನ ಮುಳ್ಳು ಇನ್ನೂ ಬಲಿತಿರಲಿಲ್ಲ. ಹುಲ್ಲುಕಡ್ಡಿಯ ಹಾಗೆ ಮೆತ್ತಗಿತ್ತು.

ಸೂಜವ್ವ ಒಳ್ಳೆಯ ತಾಯಿ. ಮಗಳೆಂದರೆ ಪ್ರಾಣ. ಗೆಡ್ಡೆಗೆಣಸು ಅಗೆಯಲು ಕೂತರೆ ಉಗುರು ಸವೆಯುವ ತನಕ ಏಳುತ್ತಿರಲಿಲ್ಲ. ಆದರೆ ಅವಳಿಗೊಂದು ಕೆಟ್ಟ ಅಭ್ಯಾಸವಿತ್ತು. ಮಗಳು ಏನೇ ಹೇಳಲಿ, ಮೊದಲು ತಾಯಿಯ ಮುಳ್ಳು ನಿಮಿರುತ್ತಿತ್ತು. ಕೇಳಿಸಿಕೊಳ್ಳುವುದೆಲ್ಲ ಆಮೇಲೆ.

"ಅಮ್ಮಾ, ಕೆಸರಲ್ಲಿ ಬಿದ್ದೆ." ಜಲ್! ಎದ್ದವು ಮುಳ್ಳು.

"ಅಮ್ಮಾ, ಯಾವುದೋ ಅಣಬೆ ತಿಂದೆ." ಜಲ್!

"ಅಮ್ಮಾ..." ಅಷ್ಟಕ್ಕೇ ಜಲ್!

ಸೂಜವ್ವನಿಗೆ ಸಿಟ್ಟೇನೂ ಇರಲಿಲ್ಲ, ಮಗಳಿಗೆ ಏನಾಯಿತೋ ಅನ್ನುವ ಹೆದರಿಕೆ ಅಷ್ಟೇ. ಆದರೆ ಹೆದರಿಕೆಗೆ ಎದ್ದ ಮುಳ್ಳು ಯಾವುದು, ಸಿಟ್ಟಿಗೆ ಎದ್ದ ಮುಳ್ಳು ಯಾವುದು ಅಂತ ಆ ಪುಟ್ಟ ಮರಿಗೆ ಹೇಗೆ ಗೊತ್ತಾಗಬೇಕು, ನೀವೇ ಹೇಳಿ! ಗಿಲಕಿ ದೂರ ನಿಂತು ಮಾತಾಡುವುದನ್ನು ಕಲಿತಳು. ಆಮೇಲೆ ಹೇಳುವುದನ್ನೇ ಬಿಟ್ಟಳು.

ಆ ಹಳ್ಳಕ್ಕೆ ಅಡ್ಡವಾಗಿ ಒಂದು ದೊಡ್ಡ ಮತ್ತಿಮರ ಬಿದ್ದಿತ್ತು. ಗೆದ್ದಲು ಅದರ ಒಳಗನ್ನೆಲ್ಲ ತಿಂದು ಪೊಳ್ಳು ಮಾಡಿತ್ತು. ಈ ದಡದಲ್ಲಿ ಅದರ ಬಾಯಿಗೆ ಬಾಯಿಟ್ಟು ಮಾತಾಡಿದರೆ ಆ ದಡದಲ್ಲಿ ಕಿವಿಯ ಪಕ್ಕದಲ್ಲೇ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ಕಾಡಿನ ಮರಿಗಳಿಗೆ ದಿನವೂ ಹಬ್ಬ! ಆ ದಡದ ಅಳಿಲು ಮರಿಗಳು ಒಗಟು ಹೇಳಿದರೆ ಈ ದಡದ ಮೊಲದ ಮರಿಗಳು ಬಿಡಿಸುತ್ತಿದ್ದವು.

ಒಂದೇ ತೊಂದರೆ. ಕಾಡಿನಲ್ಲಿ ಯಾರು ಯಾರೆಂದು ತಿಳಿಯುವುದು ವಾಸನೆಯಿಂದ. ಆ ಮರದೊಳಗೆ ಮಾತು ದಾಟುತ್ತಿತ್ತು, ವಾಸನೆ ದಾಟುತ್ತಿರಲಿಲ್ಲ. ಕೊಳೆತ ಮರದ ಘಾಟು ಎಲ್ಲವನ್ನೂ ನುಂಗಿಬಿಡುತ್ತಿತ್ತು.

"ಅಮ್ಮಾ, ನನ್ನ ಜೊತೆ ಆಡು ಬಾ" ಅಂತ ಗಿಲಕಿ ಕರೆದಾಗಲೆಲ್ಲ ಸೂಜವ್ವ ಅನ್ನುತ್ತಿದ್ದಳು, "ನನ್ನ ತಲೆ ತಿನ್ನಬೇಡ ಮಾರಾಯ್ತಿ! ಹೋಗು, ಆ ಪೊಳ್ಳು ಮರದ ಹತ್ತಿರ ಕೂತು ಮಾತಾಡಿಕೋ."

ಮಗಳು ಗಲಾಟೆ ಮಾಡದೆ ಕೂರುತ್ತಾಳಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು. ಅಲ್ಲಿ ಯಾರ ಜೊತೆ ಮಾತಾಡುತ್ತಾಳೆ ಅಂತ ಒಂದು ದಿನವೂ ಕೇಳಲಿಲ್ಲ.

ಒಂದು ಸಂಜೆ ಉಳಿದ ಮರಿಗಳೆಲ್ಲ ಮನೆಗೆ ಹೋಗಿದ್ದವು. ಗಿಲಕಿ ಒಬ್ಬಳೇ ಕೂತಿದ್ದಳು. ಮರದೊಳಗಿಂದ ತೆಳ್ಳನೆಯ ದನಿ ಬಂತು.

"ಯಾರಿದ್ದೀರಾ? ನಾನು ತುಂಬಿ. ಮುಳ್ಳುಹಂದಿ ಮರಿ. ನನ್ನ ಜೊತೆ ಆಡೋಕೆ ಯಾರೂ ಇಲ್ಲ."

"ಅಯ್ಯೋ, ನಾನೂ ಮುಳ್ಳುಹಂದಿ ಮರಿ! ನನ್ನ ಜೊತೆಗೂ ಯಾರೂ ಇಲ್ಲ!" ಗಿಲಕಿ ಖುಷಿಯಿಂದ ಕುಣಿದಳು.

ಆ ದಡದಲ್ಲಿ ಇದ್ದದ್ದು ಯಾರು ಗೊತ್ತಾ? ಒಂದು ಕಾಡುಬೆಕ್ಕು. ದನಿ ತೆಳ್ಳಗೆ ಮಾಡಿಕೊಳ್ಳುವುದರಲ್ಲಿ ಬಲು ಜಾಣ. ಅದಕ್ಕೆ ಎಳೆಯ ಮರಿಯ ಮಾಂಸ ಬೇಕು, ತಾಯಿಯ ಮುಳ್ಳು ಬೇಡ. ಅದಕ್ಕೇ ಈ ಆಟ.

"ನಿನ್ನ ಮುಳ್ಳು ಗಟ್ಟಿಯಾಗಿದೆಯಾ?" ಅಂತ ತುಂಬಿ ಕೇಳಿದಳು.

"ಇಲ್ಲಪ್ಪ, ಇನ್ನೂ ಮೆತ್ತಗಿದೆ."

ಆ ಕಡೆಯಿಂದ ಗುಟುಕ್ ಅಂತ ಸದ್ದಾಯಿತು.

"ಅದೇನು?"

"ಏನಿಲ್ಲ, ನೀರು ಕುಡಿದೆ."

ಅವತ್ತಿನಿಂದ ದಿನವೂ ಮಾತು. ತುಂಬಿ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಳು ಅಂತೀರಿ! ಕೆಸರಲ್ಲಿ ಬಿದ್ದೆ ಅಂದರೆ "ಅಯ್ಯೋ ಬಂಗಾರಿ, ನೋವಾಯ್ತಾ?" ಅನ್ನುತ್ತಿದ್ದಳು. ಎಲಚಿ ಹಣ್ಣುಗಳನ್ನು ಮರದೊಳಗೆ ಉರುಳಿಸಿ ಕಳಿಸುತ್ತಿದ್ದಳು. ಹಾಗೇ ಮಾತಿಗೆ ಮಾತು ಸೇರಿಸಿ ಬಿಲ ಎಲ್ಲಿದೆ, ಅಮ್ಮ ಎಷ್ಟು ಹೊತ್ತಿಗೆ ಹೊರಗೆ ಹೋಗುತ್ತಾಳೆ ಅಂತೆಲ್ಲ ತಿಳಿದುಕೊಂಡಳು.

"ನಿನ್ನ ಒಂದು ಮುಳ್ಳು ಕಳಿಸು, ನೆನಪಿಗೆ ಇಟ್ಟುಕೊಳ್ತೀನಿ. ಅಮ್ಮನಿಗೆ ಮಾತ್ರ ಹೇಳಬೇಡ. ಇದು ನಮ್ಮಿಬ್ಬರ ಗುಟ್ಟು" ಅಂದಳು ಇನ್ನೊಂದು ದಿನ.

ಗಿಲಕಿ ಹಲ್ಲು ಕಚ್ಚಿ ಒಂದು ಮುಳ್ಳು ಕಿತ್ತು, ಬಳ್ಳಿಯ ಎಲೆಯಲ್ಲಿ ಸುತ್ತಿ ಮರದೊಳಗೆ ಜಾರಿಸಿದಳು.

ಮುಳ್ಳು ಕೈಗೆ ಸಿಕ್ಕಿದ್ದೇ ತಡ, ದನಿ ಬದಲಾಯಿತು.

"ನಾಳೆ ಹೊತ್ತು ಮುಳುಗುವಾಗ ಈ ಮರದೊಳಗೆ ಬಂದು ನನ್ನ ದಡಕ್ಕೆ ದಾಟು. ಒಬ್ಬಳೇ ಬರಬೇಕು. ಬರದಿದ್ದರೆ ಈ ಮುಳ್ಳನ್ನು ಕಾಡಿಗೆಲ್ಲ ತೋರಿಸಿ ನಿನ್ನ ಮಾನ ಕಳೀತೀನಿ. ಬಿಲದ ದಾರಿ ಹೇಳಿಕೊಟ್ಟವಳು ಇವಳೇ ಅಂತ ನಿನ್ನ ಅಮ್ಮನಿಗೂ ಹೇಳ್ತೀನಿ. ಆಗ ಅವಳ ಮುಳ್ಳು ಏಳುತ್ತಲ್ಲ, ನೋಡು!"

ಗಿಲಕಿ ಒಂದೇ ಓಟಕ್ಕೆ ಬಿಲಕ್ಕೆ ಬಂದು ಮೂಲೆ ಸೇರಿದಳು.

ಮರುದಿನ ಅವಳು ಏನೂ ತಿನ್ನಲಿಲ್ಲ. ಬಿದಿರಿನ ಎಳೆ ಕಳಲೆ ಅಂದರೆ ಬಾಯಿ ಬಿಡುತ್ತಿದ್ದವಳು ಅದನ್ನು ಮೂಸಿಯೂ ನೋಡಲಿಲ್ಲ. ಬಾಲ ನೆಲಕ್ಕೆ ಇಳಿಬಿದ್ದು ಗಿಲಿಗಿಲಿ ಸದ್ದೇ ಇಲ್ಲ.

"ಏನಾಯ್ತೇ? ಯಾಕೆ ಹೀಗಿದ್ದೀಯ?" ಸೂಜವ್ವ ಗಾಬರಿಯಿಂದ ಕೇಳಿದಳು. ಜಲ್! ಎದ್ದವು ಮುಳ್ಳು.

"ಏನಿಲ್ಲ" ಅಂದಳು ಗಿಲಕಿ.

ಪಕ್ಕದ ಪೊದೆಯ ಮೊಲದಮ್ಮ ಬೆಳ್ಳಕ್ಕ ಕಿವಿ ಚಾಚಿ ಬಂದಳು. "ಎಲ್ಲ ಆ ಪೊಳ್ಳು ಮರದಿಂದ ಕಣೇ! ಕಲ್ಲು ಮಣ್ಣು ತುರುಕಿ ಬಾಯಿ ಮುಚ್ಚಿಬಿಡು. ನಾನಂತೂ ಆ ಕಡೆ ತಲೆ ಹಾಕಿಯೂ ಮಲಗಬೇಡಿ ಅಂತ ನನ್ನ ಮಕ್ಕಳಿಗೆ ಹೇಳಿಬಿಟ್ಟಿದ್ದೀನಿ."

ಅವಳ ಮಕ್ಕಳು ದಿನವೂ ಅಲ್ಲೇ ಇರುತ್ತಿದ್ದವು. ಅದು ಬೇರೆ ಮಾತು, ಬಿಡಿ.

ಸೂಜವ್ವ ಮರದ ಬಾಯಿಗೆ ಕಲ್ಲು ಉರುಳಿಸತೊಡಗಿದಳು. ಗಿಲಕಿ ಓಡಿ ಬಂದು ಅಡ್ಡ ನಿಂತಳು.

"ಮುಚ್ಚಬೇಡಮ್ಮಾ! ಇವತ್ತು ನಾನು ಹೋಗದಿದ್ದರೆ ಅವಳು ಎಲ್ಲ ಹೇಳಿಬಿಡ್ತಾಳೆ!"

"ಯಾರು? ಏನು ಹೇಳ್ತಾಳೆ? ಎಲ್ಲಿಗೆ ಹೋಗೋದು?" ಜಲ್! ಜಲ್! ಸೂಜವ್ವನ ಮೈಯೆಲ್ಲ ಮುಳ್ಳು ನೆಟ್ಟಗೆ ನಿಂತವು.

ಗಿಲಕಿ ಹಿಂದಕ್ಕೆ ಸರಿದಳು. ಇನ್ನೂ ಹಿಂದಕ್ಕೆ. ಸರಿಯುತ್ತ ಸರಿಯುತ್ತ ಪೊಳ್ಳು ಮರದೊಳಗೇ ಹೋಗಿಬಿಟ್ಟಳು. ಅಲ್ಲಿನ ಕತ್ತಲೆಯಿಂದ ಅವಳ ಎರಡು ಕಣ್ಣುಗಳು ಅಮ್ಮನನ್ನೇ ನೋಡುತ್ತಿದ್ದವು. ಚಿರತೆಯನ್ನು ಕಂಡಾಗ ಮರಿಗಳು ಹಾಗೆ ನೋಡುತ್ತವೆ.

ಸೂಜವ್ವನ ಎದೆ ಒಡೆದುಹೋಯಿತು. "ಅಯ್ಯೋ, ನನ್ನ ಮಗಳು ಹೆದರ್ತಿರೋದು ನನಗೇ!"

ಅವಳು ಅಲ್ಲೇ ನೆಲಕ್ಕೆ ಹೊಟ್ಟೆಯಿಟ್ಟು ಮಲಗಿದಳು. ಉಸಿರು ಬಿಗಿಹಿಡಿದು ಮುಳ್ಳುಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಕತ್ತಿನದು ಇಳಿಸಿದರೆ ಬೆನ್ನಿನದು ಏಳುತ್ತಿತ್ತು, ಬೆನ್ನಿನದು ಇಳಿಸಿದರೆ ಸೊಂಟದ್ದು. ದೊಡ್ಡವರೇ, ನಗಬೇಡಿ, ನೀವೂ ಒಮ್ಮೆ ಮಾಡಿ ನೋಡಿ. ಸುಲಭವಲ್ಲ. ಕೊನೆಗೆ ಎಲ್ಲ ಮುಳ್ಳೂ ಮೈಗಂಟಿ ಮಲಗಿದವು.

"ಬಾ ಕಂದಾ. ನಾನು ಕೇಳಿಸಿಕೊಳ್ತೀನಿ. ಎಲ್ಲ ಹೇಳೋ ತನಕ ಒಂದು ಮುಳ್ಳೂ ಏಳಲ್ಲ."

ಗಿಲಕಿ ಸ್ವಲ್ಪ ಮುಂದೆ ಬಂದಳು. "ತುಂಬಿ ಅಂತ ಒಬ್ಬಳು ಗೆಳತಿ ಇದ್ದಾಳೆ."

"ಹೂಂ."

"ನಮ್ಮ ಬಿಲ ಎಲ್ಲಿದೆ ಅಂತ ಹೇಳಿಬಿಟ್ಟೆ."

ಸೂಜವ್ವ ಪಕ್ಕದಲ್ಲಿದ್ದ ಗಿಡದ ಬೇರನ್ನು ಗಟ್ಟಿಯಾಗಿ ಕಚ್ಚಿ ಹಿಡಿದಳು. "ಹೂಂ. ಆಮೇಲೆ?"

"ನನ್ನ ಮುಳ್ಳು ಕಿತ್ತು ಕೊಟ್ಟೆ. ಈಗ ಅದನ್ನ ಎಲ್ಲರಿಗೂ ತೋರಿಸ್ತಾಳಂತೆ. ಇವತ್ತು ಸಂಜೆ ಒಬ್ಬಳೇ ಬಾ ಅಂದಿದ್ದಾಳೆ. ನನಗೆ ಭಯ ಆಗ್ತಿದೆ ಅಮ್ಮಾ."

ಬೇರು ಕಟಕ್ ಅಂತ ತುಂಡಾಯಿತು. ಆದರೆ ಮುಳ್ಳು ಏಳಲಿಲ್ಲ. ಗಿಲಕಿ ಓಡಿ ಬಂದು ಅಮ್ಮನ ಕತ್ತಿನ ಕೆಳಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ದಿನದ ಅಳು ಅದು.

"ಬೈಯಲ್ವಾ?"

"ನಿನ್ನನ್ನ ಯಾಕೆ ಬೈಯಲಿ? ಮೋಸ ಮಾಡಿದ್ದು ಅವಳು. ಆ ಕಡೆ ಯಾರಿದ್ದಾರೆ ಅಂತ ನಾನೂ ಬಂದು ನೋಡಬೇಕಿತ್ತು. ನೋಡಲಿಲ್ಲ, ಅದು ನನ್ನ ತಪ್ಪು."

"ನನ್ನ ಮುಳ್ಳು ತೋರಿಸಿದರೆ?"

"ತೋರಿಸಲಿ ಬಿಡು! ಒಂದು ಮುಳ್ಳು ಹೋದರೆ ಇನ್ನೊಂದು ಬರುತ್ತೆ. ನೀನು ಹೋದರೆ ನನಗೆ ಇನ್ನೊಬ್ಬಳು ಗಿಲಕಿ ಎಲ್ಲಿಂದ ಬರ್ತಾಳೆ?"

ಗಿಲಕಿ ಬಚ್ಚಿಟ್ಟಿದ್ದ ಎಲಚಿ ಹಣ್ಣನ್ನು ತಂದು ಕೊಟ್ಟಳು. ಸೂಜವ್ವ ಮೂಸಿದಳು. ಮರದ ಘಾಟಿನ ಅಡಿಯಲ್ಲಿ ಇನ್ನೊಂದು ವಾಸನೆ ಸಣ್ಣಗೆ ಅಂಟಿಕೊಂಡಿತ್ತು. ಮರಿಗೆ ಗೊತ್ತಿಲ್ಲದ ವಾಸನೆ, ತಾಯಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ.

"ಕಾಡುಬೆಕ್ಕು!" ಅಂದಳು ಸೂಜವ್ವ. "ನೀನು ಬೆಳ್ಳಕ್ಕನ ಹತ್ತಿರ ಕೂತಿರು. ಉಳಿದದ್ದು ನನ್ನ ಕೆಲಸ."

ಹೊತ್ತು ಮುಳುಗಿತು. ಆ ದಡದಲ್ಲಿ ಕಾಡುಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತ ಕಾದಿತ್ತು. ಮರದೊಳಗೆ ಸರಸರ ಸದ್ದು ಹತ್ತಿರವಾಯಿತು.

"ಬಂದೆಯಾ ಬಂಗಾರಿ? ಬಾ ಬಾ, ತಬ್ಬಿಕೊಳ್ಳೋಣ!" ಅಂತ ಬೆಕ್ಕು ಎರಡೂ ಕೈ ಚಾಚಿ ಮುಖವನ್ನು ಒಳಗೆ ತೂರಿಸಿತು.

ಬಂದದ್ದು ಬಂಗಾರಿ ಅಲ್ಲ. ಬಂಗಾರಿಯ ಅಮ್ಮ, ಅದೂ ಹಿಮ್ಮುಖವಾಗಿ! ಜಲ್!

ಅಷ್ಟು ದಿನ ಮಗಳ ಮೇಲೆ ಸುಮ್ಮನೆ ಎದ್ದು ಕೂರುತ್ತಿದ್ದ ಮುಳ್ಳುಗಳು ಅವತ್ತು ಸರಿಯಾದ ಜಾಗಕ್ಕೆ ಚುಚ್ಚಿದವು. ಮೂಗಿಗೆ, ಮೀಸೆಗೆ, ಎರಡೂ ಅಂಗೈಗೆ. "ಮ್ಯಾಂವ್ ಅಯ್ಯಯ್ಯೋ!" ಅಂತ ಕಿರುಚಿಕೊಂಡು ಬೆಕ್ಕು ಗುಡ್ಡ ಹತ್ತಿ ಓಡಿತು. ಆಮೇಲೆ ಆ ಕಡೆ ಸುಳಿಯಲೇ ಇಲ್ಲ.

"ಈಗಲಾದರೂ ಮರದ ಬಾಯಿ ಮುಚ್ಚು" ಅಂದಳು ಬೆಳ್ಳಕ್ಕ.

"ಮುಚ್ಚಿದರೆ ಇನ್ನೊಂದು ಪೊಳ್ಳು ಹುಡುಕಿಕೊಂಡು ಹೋಗ್ತಾರೆ, ನಮಗೆ ಗೊತ್ತೂ ಆಗಲ್ಲ. ಅದರ ಬದಲು ನಾವೂ ಬಂದು ಇಲ್ಲೇ ಕೂರೋಣ. ಒಂದು ದಿನ ನೀನು, ಒಂದು ದಿನ ನಾನು" ಅಂದಳು ಸೂಜವ್ವ. "ಅಂದ ಹಾಗೆ, ನಿನ್ನ ಮಕ್ಕಳು ದಿನವೂ ಇಲ್ಲೇ ಇರ್ತಾರೆ, ಗೊತ್ತಾ?"

ಬೆಳ್ಳಕ್ಕನ ಕಿವಿ ಎರಡೂ ಜೋಲುಬಿದ್ದವು.

ಸ್ವಲ್ಪ ಕಾಲ ಕಳೆಯಿತು. ಒಂದು ದಿನ ಮರದ ಹತ್ತಿರ ಕೂರುವ ಸರದಿ ಬೆಳ್ಳಕ್ಕನದು, ಅವಳಿನ್ನೂ ಬಂದಿರಲಿಲ್ಲ. ಸೂಜವ್ವ ದೊಡ್ಡ ಗೆಣಸೊಂದನ್ನು ಅಗೆಯುತ್ತಿದ್ದಳು. ಗಿಲಕಿ ಏದುಸಿರು ಬಿಡುತ್ತ ಓಡಿ ಬಂದಳು.

"ಅಮ್ಮಾ! ಮರದಲ್ಲಿ ಯಾರೋ ಹೊಸಬರು. ನಮ್ಮ ಬಿಲ ಎಲ್ಲಿದೆ ಅಂತ ಕೇಳಿದರು. ನಾನು ಏನೂ ಹೇಳಲಿಲ್ಲ. ನಿನಗೆ ಹೇಳೋಕೆ ಬಂದುಬಿಟ್ಟೆ."

ಸೂಜವ್ವನ ಮುಳ್ಳುಗಳು ಏಳಲು ನೋಡಿದವು. ಅವಳು ಅವನ್ನು ಇಳಿಸಿಕೊಂಡು, ಅರ್ಧ ಅಗೆದ ಗೆಣಸನ್ನು ಅಲ್ಲೇ ಬಿಟ್ಟು ಎದ್ದಳು.

"ಒಳ್ಳೆಯ ಕೆಲಸ ಮಾಡಿದೆ ಕಂದಾ. ನಡಿ, ಯಾರು ಅಂತ ಇಬ್ಬರೂ ಹೋಗಿ ನೋಡೋಣ."

ಗಿಲಕಿ ದಾರಿಯುದ್ದಕ್ಕೂ ಅಮ್ಮನ ಮೈಗೆ ಮೈ ಒತ್ತಿಕೊಂಡೇ ನಡೆದಳು.

ನೀತಿ: ಪೊಳ್ಳು ಮರದಲ್ಲಾಗಲಿ, ಮೊಬೈಲಿನಲ್ಲಾಗಲಿ, ಮುಖ ಕಾಣದವರು "ಮನೆಯಲ್ಲಿ ಹೇಳಬೇಡ" ಅಂದರೆ ಅದನ್ನೇ ಮೊದಲು ಮನೆಯಲ್ಲಿ ಹೇಳಬೇಕು, ಹೇಳಲು ಬಂದ ಮಗುವಿನ ಮುಂದೆ ದೊಡ್ಡವರು ಮುಳ್ಳು ಇಳಿಸಿ ಕಿವಿ ಕೊಡಬೇಕು.